ಮೂತ್ರಕೋಶದ ಕ್ಯಾನ್ಸರ್: ಚಿಕಿತ್ಸೆಯ ಆಯ್ಕೆ ಮತ್ತು ಮನೆಯ ಹೊಣೆ

ಮೂಡಿಗೆರೆ ತಾಲ್ಲೂಕಿನ ಜಾವಳಿ ಹೇಮಾವತಿಯ ಉಗಮಸ್ಥಾನ. ಬಲ್ಲಾಳರಾಯನದುರ್ಗದ ಮಗ್ಗುಲಿನ ಈ ಸೀಮೆಯಲ್ಲಿ ಕಾಫಿ ತೋಟ, ಏಲಕ್ಕಿ, ಮೆಣಸು, ಕೊಟ್ಟಿಗೆಯ ದನಕರುಗಳೇ ಮನೆಗಳ ಜೀವಾಳ. ಇಲ್ಲಿನ ಕೊಟ್ಟಿಗೆಗಳಿಗೆ ಒಂದು ಕಾಯಿಲೆಯ ಪರಿಚಯ ಹಳೆಯದು. ಹಸುವೊಂದು ಕೆಂಪಗೆ ಮೂತ್ರ ಮಾಡಿತೆಂದರೆ ಮನೆಯ ಯಜಮಾನರು ಆ ಸಂಜೆಯೇ ದನದ ಡಾಕ್ಟರಿಗೆ ಹೇಳಿ ಕಳುಹಿಸುತ್ತಾರೆ. ಉಣ್ಣಿಯಿಂದ ಹರಡುವ ಜ್ವರದಲ್ಲಿ ಹೀಗಾಗುವುದುಂಟು. ಗುಡ್ಡಗಾಡಿನಲ್ಲಿ ಬೆಳೆಯುವ ಒಂದು ಜಾತಿಯ ಜರಿಗಿಡವನ್ನು ಬಹುಕಾಲ ಮೇಯ್ದ ದನಗಳ ಮೂತ್ರಕೋಶದಲ್ಲಿ ಗಂಟುಗಳೆದ್ದು ರಕ್ತ ಒಸರುವುದೂ ಉಂಟೆಂದು ಪಶುವೈದ್ಯ ಶಾಸ್ತ್ರ ಹೇಳುತ್ತದೆ. ಕಾರಣ ಯಾವುದೇ ಇರಲಿ, ಕೆಂಪು ಮೂತ್ರವನ್ನು ಕಂಡ ಮೇಲೆ ಯಾರೂ ಸುಮ್ಮನೆ ಕೂರುವುದಿಲ್ಲ.

ಆದರೆ ಅದೇ ಯಜಮಾನರು ತಮ್ಮ ಮೂತ್ರ ಕೆಂಪಾದರೆ ಯಾರಿಗೂ ಹೇಳುವುದಿಲ್ಲ. ಉಷ್ಣವಾಗಿದೆ ಎಂದುಕೊಂಡು ಎರಡು ದಿನ ಬಾರ್ಲಿ ನೀರು, ಎಳನೀರು ಕುಡಿಯುತ್ತಾರೆ, ಬಾಳೆದಿಂಡಿನ ಪಲ್ಯ ಮಾಡಿಸುತ್ತಾರೆ. ಮೂರನೆಯ ದಿನ ಬಣ್ಣ ತಿಳಿಯಾಗುತ್ತದೆ. ಮನೆಮದ್ದು ನಾಟಿತೆಂಬ ಸಮಾಧಾನ ಮೂಡುತ್ತದೆ. ನಾಲ್ಕಾರು ತಿಂಗಳು ಕಳೆದು ಮತ್ತೆ ಕಾಣಿಸಿಕೊಂಡಾಗ ಕಾಫಿ ಕುಯ್ಲಿನ ದಿನಗಳು ಬಂದಿರುತ್ತವೆ, ಕಣದ ಕೆಲಸ ಮುಗಿಯಲಿ ಎಂದು ಮುಂದೂಡುತ್ತಾರೆ. ಮೂತ್ರಕೋಶದ ಕ್ಯಾನ್ಸರಿನ ಮೋಸವಿರುವುದು ಇಲ್ಲಿಯೇ. ಅದರ ಮೊದಲ ಸೂಚನೆ ಬಹುಮಟ್ಟಿಗೆ ನೋವಿಲ್ಲದ ರಕ್ತ. ಆ ರಕ್ತ ಔಷಧವಿಲ್ಲದೆಯೇ ನಿಲ್ಲುತ್ತದೆ, ಮತ್ತೆ ಬರುತ್ತದೆ. ನಿಂತ ಮಾತ್ರಕ್ಕೆ ರೋಗ ಹೋಯಿತೆಂದು ಅರ್ಥವಲ್ಲ.

ಈ ರೋಗದ ಸ್ವರೂಪವೇನು, ಚಿಕಿತ್ಸೆಯ ದಾರಿಗಳು ಯಾವುವು, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಹೊಣೆ ಯಾರದು, ಆಮೇಲಿನ ಬದುಕು ಹೇಗೆ ಎಂಬುದನ್ನು ನಮ್ಮ ಮನೆಮಂದಿಗೆ ತಿಳಿಯುವಂತೆ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ರೋಗದ ಪರಿಚಯ

ಮೂತ್ರಪಿಂಡಗಳು ಸೋಸಿ ಕಳುಹಿಸಿದ ಮೂತ್ರವನ್ನು ಕೂಡಿಟ್ಟುಕೊಳ್ಳುವ ಸ್ನಾಯುವಿನ ಚೀಲವೇ ಮೂತ್ರಕೋಶ. ಇದು ಕಿಬ್ಬೊಟ್ಟೆಯ ತಗ್ಗಿನಲ್ಲಿರುವ ಬೇರೆಯೇ ಅಂಗ. ಇದರ ಒಳಪದರದಲ್ಲಿ ಜೀವಕೋಶಗಳು ಅಂಕೆಮೀರಿ ಬೆಳೆದಾಗ ಕ್ಯಾನ್ಸರ್ ಹುಟ್ಟುತ್ತದೆ. 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6 ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತೆಂದು ಅಂದಾಜು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಗಂಡಸರು. ಐವತ್ತೈದು ದಾಟಿದವರಲ್ಲಿ ಇದು ಹೆಚ್ಚು.

ಕಾರಣಗಳಲ್ಲಿ ಮೊದಲನೆಯದು ಬೀಡಿ, ಸಿಗರೇಟು. ಹೊಗೆಯೊಡನೆ ರಕ್ತಕ್ಕೆ ಸೇರಿದ ವಿಷವಸ್ತುಗಳನ್ನು ಮೂತ್ರಪಿಂಡಗಳು ಸೋಸಿ ಮೂತ್ರಕ್ಕೆ ತಳ್ಳುತ್ತವೆ. ಆ ಮೂತ್ರ ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಂತು ಒಳಪದರವನ್ನು ತೋಯಿಸುತ್ತಿರುತ್ತದೆ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಕ್ಯಾನ್ಸರ್ ಮೂತ್ರಕೋಶಕ್ಕೇಕೆ ಬಂದೀತು ಎಂದು ಕೇಳುವವರಿಗೆ ಇದೇ ಉತ್ತರ. ಜಗತ್ತಿನ ಅನೇಕ ದೇಶಗಳಲ್ಲಿ ಈ ರೋಗದ ಅರ್ಧದಷ್ಟು ಪ್ರಕರಣಗಳಿಗೆ ಧೂಮಪಾನವೇ ಮೂಲ. ಬಣ್ಣದ ಕಾರ್ಖಾನೆ, ರಬ್ಬರು, ಚರ್ಮದ ಉದ್ಯಮಗಳ ಕೆಲವು ರಾಸಾಯನಿಕಗಳೂ ಕಾರಣವಾಗುತ್ತವೆ. ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಈ ರೋಗವಿರುವುದನ್ನು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಷ್ಟು ಹಿಂದೆಯೇ ಗುರುತಿಸಿದ್ದರು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಬಹುಕಾಲ ಇದ್ದರೆ ಅದೂ ಕಾರಣ. ಜೀವಮಾನದಲ್ಲಿ ಒಂದು ಬೀಡಿಯನ್ನೂ ಸೇದದವರಿಗೂ ರೋಗ ಬರುವುದುಂಟು. ಆದ್ದರಿಂದ ರೋಗಿಯ ಮುಂದೆ ಕುಳಿತು ಅವರ ಚಟವನ್ನು ಎಣಿಸುವುದು ಸಲ್ಲದು.

ಹೆಂಗಸರಲ್ಲಿ ಇನ್ನೊಂದು ಅಪಾಯವಿದೆ. ಮೂತ್ರದಲ್ಲಿ ರಕ್ತ, ಉರಿ ಎಂದರೆ ಸೋಂಕು ಎಂದು ಮಾತ್ರೆ ಬರೆದು ಕಳುಹಿಸುವುದು ವಾಡಿಕೆ. ಮಾತ್ರೆ ಮುಗಿಸಿದ ಮೇಲೂ ಮತ್ತೆ ಮತ್ತೆ ಹಾಗೆಯೇ ಆದರೆ, ಪರೀಕ್ಷೆಯಲ್ಲಿ ಸೋಂಕು ಕಾಣದಿದ್ದರೆ, ಮೂತ್ರರೋಗ ತಜ್ಞರನ್ನು ಕಾಣಲೇಬೇಕು. ಸಂಕೋಚದಿಂದ ಮುಚ್ಚಿಟ್ಟುಕೊಳ್ಳುವ ತಾಯಂದಿರು ಇದನ್ನು ಗಮನಿಸಬೇಕು.

ಕಾಫಿ ದೋಷಿಯೇ?

ಕಾಫಿ ಬೆಳೆಯುವ, ಕಾಫಿ ಕುಡಿದೇ ದಿನ ತೊಡಗುವ ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಸಹಜ. ಇದಕ್ಕೊಂದು ಇತಿಹಾಸವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1991ರಲ್ಲಿ ಕಾಫಿಯನ್ನು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವಾಗಿರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತ್ತು. 2016ರಲ್ಲಿ 23 ಮಂದಿ ವಿಜ್ಞಾನಿಗಳು ಒಂದು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಮತ್ತೆ ಪರಿಶೀಲಿಸಿ, ಅಂಥ ಆಪಾದನೆಗೆ ತಕ್ಕ ಆಧಾರವಿಲ್ಲವೆಂದು ಕಂಡು ಕಾಫಿಯನ್ನು ಆ ಪಟ್ಟಿಯಿಂದ ತೆಗೆದರು. ಹೆಚ್ಚು ಕಾಫಿ ಕುಡಿಯುವವರಲ್ಲಿ ಹಲವರು ಹೊಗೆಯನ್ನೂ ಸೇದುವವರಾಗಿದ್ದುದರಿಂದ ಹಳೆಯ ಅಧ್ಯಯನಗಳಲ್ಲಿ ಹೊಗೆಯ ದೋಷ ಕಾಫಿಯ ತಲೆಗೆ ಬಂದಿರುವ ಸಂಭವವಿತ್ತು. ಚಿಕಿತ್ಸೆಯ ಕಾಲದಲ್ಲಿ ಮೂತ್ರಕೋಶ ಉರಿಯುತ್ತಿದ್ದರೆ ಕಾಫಿ ಅದನ್ನು ಕೆರಳಿಸಬಹುದು, ಆಗ ಕಡಿಮೆ ಮಾಡಿದರೆ ಸಾಕು. ಬಿಡಬೇಕಾದದ್ದು ಬೀಡಿ, ಲೋಟವಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ

ರಕ್ತ ಕಂಡವರಿಗೆ ಮೂತ್ರ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮಾಡುತ್ತಾರೆ. ಮೂತ್ರದ ದಾರಿಯಲ್ಲಿ ತೆಳುವಾದ ದುರ್ಬೀನು ಕಳುಹಿಸಿ ಒಳಗನ್ನು ಕಣ್ಣಾರೆ ನೋಡುವ ಸಿಸ್ಟೋಸ್ಕೋಪಿಯೇ ಮುಖ್ಯ ಪರೀಕ್ಷೆ. ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲವೆಂದು ಇದನ್ನು ಬಿಡಬಾರದು. ಚಪ್ಪಟೆಯಾದ, ಚಿಕ್ಕದಾದ ಕ್ಯಾನ್ಸರ್ ಸ್ಕ್ಯಾನಿಂಗಿನ ಕಣ್ಣಿಗೆ ಬೀಳದೆ ಹೋಗಬಹುದು. ಗಡ್ಡೆ ಕಂಡರೆ ಅದೇ ದಾರಿಯಿಂದ ಉಪಕರಣ ತೂರಿಸಿ, ಹೊಟ್ಟೆ ಕೊಯ್ಯದೆ ಗಡ್ಡೆಯನ್ನು ಕೆರೆದು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ.

ಆ ಬಯಾಪ್ಸಿ ವರದಿ ಕೈಗೆ ಬಂದಾಗ ಮನೆಯವರು ಕೇಳಬೇಕಾದ ಮೊದಲ ಪ್ರಶ್ನೆ, 'ರೋಗ ಸ್ನಾಯುವಿನೊಳಕ್ಕೆ ಇಳಿದಿದೆಯೇ?' ಎಂಬುದು. ಎರಡನೆಯದು, 'ತೆಗೆದ ತುಣುಕಿನಲ್ಲಿ ಸ್ನಾಯು ಇತ್ತೇ?' ಎಂಬುದು. ತುಣುಕಿನಲ್ಲಿ ಸ್ನಾಯುವೇ ಇಲ್ಲದಿದ್ದರೆ ಮೊದಲ ಪ್ರಶ್ನೆಗೆ ನಂಬಬಹುದಾದ ಉತ್ತರ ಸಿಗುವುದಿಲ್ಲ. ಅಂಥಲ್ಲಿ ಕೆಲವು ವಾರಗಳಲ್ಲಿ ಇನ್ನೊಮ್ಮೆ ಕೆರೆಯಬೇಕೆಂದು ವೈದ್ಯರು ಹೇಳಿದರೆ ಅದನ್ನು ಹಣದ ಆಸೆಯೆಂದು ತಿಳಿಯಬಾರದು. ಮೂರನೆಯದು, ಜೀವಕೋಶಗಳು ಉಗ್ರ ಸ್ವಭಾವದವೇ, ಸೌಮ್ಯ ಸ್ವಭಾವದವೇ ಎಂಬುದು. ಮುಂದಿನ ದಾರಿಯೆಲ್ಲ ಈ ಮೂರು ಉತ್ತರಗಳ ಮೇಲೆ ನಿಂತಿದೆ.

ರೋಗ ಒಳಪದರದಲ್ಲೇ ಇದ್ದರೆ

ಪತ್ತೆಯಾಗುವ ಹೊತ್ತಿಗೆ ಹತ್ತರಲ್ಲಿ ಸುಮಾರು ಏಳು ಮಂದಿಯಲ್ಲಿ ರೋಗ ಸ್ನಾಯುವಿಗೆ ಇಳಿದಿರುವುದಿಲ್ಲ. ಇವರಲ್ಲಿ ಕೆರೆದು ತೆಗೆಯುವುದೇ ಮುಖ್ಯ ಚಿಕಿತ್ಸೆ. ಆದರೆ ತೋಟದ ಕಳೆಯಂತೆ ಇದು ಮತ್ತೆ ಮತ್ತೆ ಚಿಗುರುವ ಸ್ವಭಾವದ್ದು. ಅದನ್ನು ತಡೆಯಲು ಔಷಧವನ್ನು ನೇರವಾಗಿ ಮೂತ್ರಕೋಶದೊಳಕ್ಕೇ ಹಾಕುತ್ತಾರೆ.

ಉಗ್ರ ಸ್ವಭಾವದ ಗಡ್ಡೆಗಳಿಗೆ ಬಳಸುವ ಔಷಧ ನಮಗೆ ಅಪರಿಚಿತವಲ್ಲ. ಕ್ಷಯ ಬರದಿರಲೆಂದು ಹಸುಗೂಸುಗಳ ತೋಳಿಗೆ ಚುಚ್ಚುವ ಬಿ.ಸಿ.ಜಿ.ಯೇ ಅದು. ಕೆನಡಾದ ವೈದ್ಯ ಅಲ್ವಾರೋ ಮೊರಾಲೆಸ್ ಅವರು ಇದನ್ನು ಮೂತ್ರಕೋಶದೊಳಗೆ ಹಾಕಿ ಫಲ ಕಂಡ ವಿಷಯವನ್ನು 1976ರಲ್ಲಿ ಪ್ರಕಟಿಸಿದರು. ವಾರಕ್ಕೊಮ್ಮೆಯಂತೆ ಆರು ವಾರ ಹಾಕಿ, ಆಮೇಲೆ ತಿಂಗಳುಗಳ ಅಂತರದಲ್ಲಿ ಒಂದು ವರ್ಷದಿಂದ ಮೂರು ವರ್ಷದವರೆಗೆ ಮುಂದುವರಿಸುತ್ತಾರೆ. ಸಣ್ಣ ನಳಿಕೆಯ ಮೂಲಕ ಔಷಧ ಹಾಕಿಸಿಕೊಂಡು ಸುಮಾರು ಎರಡು ಗಂಟೆ ಮೂತ್ರ ಮಾಡದೆ ತಡೆದುಕೊಳ್ಳಬೇಕು. ಅಂದು ಉರಿ, ಅವಸರ, ಸಣ್ಣ ಜ್ವರ ಬರಬಹುದು. ಜ್ವರ ಏರಿ ಎರಡು ದಿನವಾದರೂ ಇಳಿಯದಿದ್ದರೆ ಆಸ್ಪತ್ರೆಗೆ ತಿಳಿಸಬೇಕು. ಅದು ಜೀವಂತ ರೋಗಾಣುವಾದ್ದರಿಂದ ಮೊದಲ ಆರು ಗಂಟೆಗಳ ಕಾಲ ಕುಳಿತೇ ಮೂತ್ರ ಮಾಡಿ, ಶೌಚದ ಗುಂಡಿಗೆ ಬ್ಲೀಚಿಂಗ್ ದ್ರಾವಣ ಹಾಕಿ ಕಾಲು ಗಂಟೆ ಬಿಟ್ಟು ನೀರು ಸುರಿಯುವ ಪದ್ಧತಿಯಿದೆ.

ಇಲ್ಲಿ ಸೋಲುವವರು ಹೆಚ್ಚಾಗಿ ರೋಗದಿಂದ ಸೋಲುವುದಿಲ್ಲ, ತಪಾಸಣೆಯ ಬೇಸರದಿಂದ ಸೋಲುತ್ತಾರೆ. ಉಗ್ರ ಬಗೆಯವರಿಗೆ ಮೊದಲೆರಡು ವರ್ಷ ಮೂರು ತಿಂಗಳಿಗೊಮ್ಮೆ ಸಿಸ್ಟೋಸ್ಕೋಪಿ ಆಗಬೇಕು. ಚೆನ್ನಾಗಿದ್ದೇನಲ್ಲ ಎಂದು ನಾಲ್ಕನೆಯ ಸಲ ತಪ್ಪಿಸಿದವರಲ್ಲಿ ರೋಗ ಸದ್ದಿಲ್ಲದೆ ಸ್ನಾಯುವಿಗೆ ಇಳಿದ ನಿದರ್ಶನಗಳು ಎಲ್ಲ ಆಸ್ಪತ್ರೆಗಳಲ್ಲೂ ಸಿಗುತ್ತವೆ. ತೋಟದ ಲೆಕ್ಕದ ಪುಸ್ತಕದಲ್ಲಿ ಗೊಬ್ಬರದ ದಿನ, ಸಿಂಪರಣೆಯ ದಿನ ಬರೆದಿಡುವಂತೆ ಈ ದಿನಗಳನ್ನೂ ಬರೆದಿಡಬೇಕು.

ಸ್ನಾಯುವಿಗೆ ಇಳಿದಿದ್ದರೆ: ಎರಡು ದಾರಿಗಳು

ರೋಗ ಸ್ನಾಯುವಿನೊಳಕ್ಕೆ ಇಳಿದು, ಬೇರೆಡೆಗೆ ಹರಡಿರದಿದ್ದರೆ ಗುಣವಾಗುವ ಅವಕಾಶ ಇನ್ನೂ ಇದೆ. ಆದರೆ ಇಲ್ಲಿ ತೀರ್ಮಾನ ಕಠಿಣ.

ಮೊದಲ ದಾರಿ, ಮೂತ್ರಕೋಶವನ್ನೇ ತೆಗೆದುಹಾಕುವುದು. ಮೂತ್ರಪಿಂಡಗಳು ಚೆನ್ನಾಗಿದ್ದವರಿಗೆ ಅದಕ್ಕೆ ಮೊದಲು ಸಿಸ್ಪ್ಲಾಟಿನ್ ಎಂಬ ಔಷಧವಿರುವ ಕೀಮೋಥೆರಪಿ ಕೊಡುತ್ತಾರೆ. ಹೀಗೆ ಕೊಡುವುದರಿಂದ ಐದು ವರ್ಷದ ಹೊತ್ತಿಗೆ ಬದುಕುಳಿಯುವವರು ನೂರಕ್ಕೆ ಸುಮಾರು ಐವರಷ್ಟು ಹೆಚ್ಚುತ್ತಾರೆಂದು ಅಧ್ಯಯನಗಳು ತೋರಿಸಿವೆ. ಶಸ್ತ್ರಕ್ರಿಯೆ ದೊಡ್ಡದು. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯನ್ನೂ, ಹೆಂಗಸರಲ್ಲಿ ಹಲವು ವೇಳೆ ಗರ್ಭಕೋಶವನ್ನೂ ತೆಗೆಯಬೇಕಾಗುತ್ತದೆ. ದಾಂಪತ್ಯದ ಮೇಲೆ ಇದರ ಪರಿಣಾಮವೇನೆಂಬುದನ್ನು ಗಂಡಹೆಂಡಿರಿಬ್ಬರೂ ವೈದ್ಯರಲ್ಲಿ ಮೊದಲೇ ಕೇಳಿ ತಿಳಿಯುವುದರಲ್ಲಿ ನಾಚಿಕೆಪಡಬೇಕಾದುದಿಲ್ಲ. ಮೂತ್ರ ಹೊರಹೋಗಲು ಸಣ್ಣ ಕರುಳಿನ ತುಂಡೊಂದನ್ನು ಬಳಸಿ ಹೊಟ್ಟೆಯ ಮೇಲೆ ಬಾಯಿ ಮಾಡಿ ಚೀಲ ಅಂಟಿಸುವುದು ಒಂದು ವಿಧಾನ. 1950ರಲ್ಲಿ ಅಮೆರಿಕದ ಯೂಜೀನ್ ಬ್ರಿಕರ್ ಪ್ರಚಾರಕ್ಕೆ ತಂದ ಇದು ಇಂದಿಗೂ ಬಳಕೆಯಲ್ಲಿದೆ. ಕರುಳಿನಿಂದಲೇ ಹೊಸ ಮೂತ್ರಕೋಶ ಕಟ್ಟುವುದು ಇನ್ನೊಂದು ವಿಧಾನ. ಇದರಲ್ಲಿ ಹೊರಗೆ ಚೀಲವಿಲ್ಲ. ಆದರೆ ತುಂಬಿದ ಅರಿವು ಮೊದಲಿನಂತೆ ಬಾರದ ಕಾರಣ ಗಡಿಯಾರ ನೋಡಿ ಮೂತ್ರ ಮಾಡಬೇಕು, ರಾತ್ರಿ ಎದ್ದೇಳಬೇಕು, ಕೆಲವರು ತಾವೇ ನಳಿಕೆ ತೂರಿಸಿ ಖಾಲಿ ಮಾಡಿಕೊಳ್ಳಲು ಕಲಿಯಬೇಕು.

ಎರಡನೆಯ ದಾರಿ, ಮೂತ್ರಕೋಶವನ್ನು ಉಳಿಸಿಕೊಳ್ಳುವುದು. ಗಡ್ಡೆಯನ್ನು ಸಾಧ್ಯವಾದಷ್ಟೂ ಕೆರೆದು ತೆಗೆದು, ಕೀಮೋಥೆರಪಿಯೊಡನೆ ವಿಕಿರಣ ಚಿಕಿತ್ಸೆ, ಅಂದರೆ ಜನರ ಮಾತಿನಲ್ಲಿ ಕರೆಂಟು, ಕೊಡುತ್ತಾರೆ. ವಾರದಲ್ಲಿ ಐದು ದಿನದಂತೆ ನಾಲ್ಕರಿಂದ ಆರೂವರೆ ವಾರ ಆಸ್ಪತ್ರೆಯ ಹತ್ತಿರವೇ ಇರಬೇಕು. ಆಮೇಲೆ ಜೀವನಪರ್ಯಂತ ತಪಾಸಣೆ ತಪ್ಪದು. ಗಡ್ಡೆ ಒಂದೇ ಇದ್ದು, ತೀರ ದೊಡ್ಡದಾಗಿರದೆ, ಮೂತ್ರಪಿಂಡಗಳ ದಾರಿ ಕಟ್ಟಿರದವರಿಗೆ ಇದು ಹೊಂದುತ್ತದೆ. ಅಮೆರಿಕ ಮತ್ತು ಕೆನಡಾದ ಮೂರು ವೈದ್ಯಕೇಂದ್ರಗಳ 722 ರೋಗಿಗಳ ವಿವರಗಳನ್ನು ಹೋಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೀಗೆ ಆಯ್ದ ರೋಗಿಗಳಲ್ಲಿ ಐದು ವರ್ಷದ ಹೊತ್ತಿಗೆ ರೋಗ ಹರಡದೆ ಉಳಿದವರ ಪ್ರಮಾಣ ಎರಡು ದಾರಿಗಳಲ್ಲೂ ಹೆಚ್ಚುಕಡಿಮೆ ಸಮನಾಗಿತ್ತು. ಮೂತ್ರಕೋಶ ಉಳಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 13 ಮಂದಿಗೆ ಮುಂದೆ ಅದನ್ನು ತೆಗೆಸುವ ಪ್ರಸಂಗ ಬಂದಿತು.

ಯಾವ ದಾರಿಯಾದರೂ ತಡಮಾಡಲಾಗದು. ಸ್ನಾಯುವಿಗೆ ಇಳಿದ ರೋಗ ಪತ್ತೆಯಾಗಿ ಮೂರು ತಿಂಗಳು ಮೀರಿ ಚಿಕಿತ್ಸೆ ತೊಡಗದಿದ್ದವರಲ್ಲಿ ಫಲ ಕುಗ್ಗುವುದು ಅಧ್ಯಯನಗಳಿಂದ ತಿಳಿದಿದೆ. ಅರೇಬಿಕಾ ಕುಯ್ಲು ಮುಗಿದು, ರೊಬಸ್ಟಾ ಕುಯ್ಲು ಮುಗಿದು, ಹೂಮಳೆ ನೋಡಿಕೊಂಡು ಹೋಗೋಣವೆಂದರೆ ಆ ಮೂರು ತಿಂಗಳು ಕಣದಲ್ಲೇ ಕಳೆದುಹೋಗುತ್ತದೆ.

ಎರಡು ಮನೆ, ಎರಡು ತೀರ್ಮಾನ

ನಮ್ಮ ಬಂಧುವರ್ಗದಲ್ಲೇ ಕಂಡ ಎರಡು ಸಂಗತಿಗಳನ್ನು ಇಲ್ಲಿ ಹೇಳುವುದು ಉಚಿತ.

ದೊಡ್ಡಪ್ಪನವರು ಜಾವಳಿಯ ಕಡೆಯ ಬೆಳೆಗಾರರು, ಅರವತ್ತೇಳರ ವಯಸ್ಸು. ರೋಗ ಸ್ನಾಯುವಿಗೆ ಇಳಿದಿತ್ತು. ಗಂಡುಮಕ್ಕಳಿಬ್ಬರೂ ವರದಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ತಂದೆಗೆ 'ಮೂತ್ರದಲ್ಲಿ ಕಲ್ಲು' ಎಂದಷ್ಟೇ ಹೇಳಿದ್ದರು. ಅಪ್ಪಾಜಿಯವರ ಎದೆ ತಡೆಯಲಾರದು, ಚೀಲ ಕಟ್ಟಿಕೊಂಡು ಅವರು ಬದುಕಲಾರರು, ಆದ್ದರಿಂದ ಕರೆಂಟು ಕೊಡಿಸೋಣ ಎಂಬುದು ಮಕ್ಕಳ ತೀರ್ಮಾನ. ಅವರನ್ನು ನೋಡಿದ ತಜ್ಞರು ಒಪ್ಪಲಿಲ್ಲ. 'ದೇಹ ಯಜಮಾನರದು, ಅವರ ಎದುರಿಗೇ ಮಾತಾಡೋಣ' ಎಂದು ದೊಡ್ಡಪ್ಪನವರನ್ನೇ ಕೂರಿಸಿಕೊಂಡು ಎರಡೂ ದಾರಿಗಳನ್ನು ಚಿತ್ರ ಬರೆದು ವಿವರಿಸಿದರು.

ಎಲ್ಲವನ್ನೂ ಕೇಳಿ ದೊಡ್ಡಪ್ಪನವರು ಕೇಳಿದ್ದು ಮೂರೇ ಪ್ರಶ್ನೆ. 'ಡಾಕ್ಟ್ರೇ, ಎಷ್ಟು ದಿನ ಮನೆ ಬಿಟ್ಟಿರಬೇಕು? ಆಮೇಲೆ ಎಷ್ಟು ಸಲ ಬರಬೇಕು? ಉಳಿಸಿಕೊಂಡದ್ದರಲ್ಲಿ ಮತ್ತೆ ಬಂದರೆ ಏನು ಮಾಡುತ್ತೀರಿ?' ಮರುದಿನ ತಾವೇ ತೀರ್ಮಾನ ಹೇಳಿದರು. ತಪಾಸಣೆಗೆಂದು ಮೂರು ತಿಂಗಳಿಗೊಮ್ಮೆ ಎದೆ ಹೊಡೆದುಕೊಂಡು ಓಡಾಡುವುದಕ್ಕಿಂತ ತೆಗೆಸಿಬಿಡುವುದೇ ತಮಗೆ ನೆಮ್ಮದಿ, ಹೊಸ ಮೂತ್ರಕೋಶದ ಕಟ್ಟುಪಾಡಿಗಿಂತ ಚೀಲವೇ ಸುಲಭ ಎಂದರು. ಆ ಮೇಲೆ ನಾಲ್ಕು ಕುಯ್ಲು ಕಂಡಿದ್ದಾರೆ. ಸುಖವೆಲ್ಲ ಬಂತೆಂದಲ್ಲ. ಚೀಲದ ಬಾಯಿಯ ಬಳಿ ಹರ್ನಿಯಾ ಉಬ್ಬಿದೆ, ಒಮ್ಮೆ ಮೂತ್ರಪಿಂಡಕ್ಕೆ ಸೋಂಕಾಗಿ ಆಸ್ಪತ್ರೆ ಸೇರಿದ್ದರು. ಆದರೂ ಬೆಳಗಿನ ತೋಟದ ಸುತ್ತು ತಪ್ಪಿಸಿಲ್ಲ.

ಇನ್ನೊಬ್ಬರು ಕಳಸದ ಕಡೆ ಕೊಟ್ಟ ನಮ್ಮ ಸೋದರತ್ತೆ. ಎಪ್ಪತ್ತು ದಾಟಿದವರು, ಹೃದಯದ ಕಾಯಿಲೆಯವರು. ದೊಡ್ಡ ಶಸ್ತ್ರಕ್ರಿಯೆಯ ಅಪಾಯ ಅವರಿಗೆ ಹೆಚ್ಚಾಗಿತ್ತು. ಅತ್ತೆಯವರು ವಿಕಿರಣದ ದಾರಿಯನ್ನು ಆರಿಸಿಕೊಂಡು, ಮಗಳೊಡನೆ ಆಸ್ಪತ್ರೆಯ ಬಳಿ ಬಾಡಿಗೆ ಕೋಣೆ ಹಿಡಿದು ಚಿಕಿತ್ಸೆ ಮುಗಿಸಿದರು. ಎರಡನೆಯ ವರ್ಷ ಚಿಕ್ಕ ಗಡ್ಡೆ ಮತ್ತೆ ಕಂಡಿತು. ಒಳಪದರದಲ್ಲೇ ಇದ್ದುದರಿಂದ ಕೆರೆದು ತೆಗೆದರು. ಈಗಲೂ ತಪಾಸಣೆಯ ದಿನ ಹತ್ತಿರ ಬಂದರೆ ಅವರಿಗೆ ನಿದ್ದೆ ಬಾರದು. ಅದು ಅವರ ದಾರಿಯ ತೆರಿಗೆ, ಅದನ್ನು ತಿಳಿದೇ ಒಪ್ಪಿಕೊಂಡಿದ್ದಾರೆ.

ಇವರಿಬ್ಬರಲ್ಲಿ ಯಾರು ಸರಿ ಎಂದು ಕೇಳುವುದೇ ಸರಿಯಲ್ಲ. ವಯಸ್ಸು, ಹೃದಯ, ಮೂತ್ರಪಿಂಡ, ಗಡ್ಡೆಯ ಗಾತ್ರ, ಮನೆಯಲ್ಲಿ ಜೊತೆಗಿರುವವರು, ಆಸ್ಪತ್ರೆಯ ದೂರ, ಎಲ್ಲಕ್ಕಿಂತ ಮಿಗಿಲಾಗಿ ರೋಗಿಯ ಸ್ವಭಾವ, ಇವೆಲ್ಲ ಸೇರಿ ತೀರ್ಮಾನವಾಗಬೇಕು. ಶಸ್ತ್ರವೈದ್ಯರನ್ನೂ ವಿಕಿರಣ ತಜ್ಞರನ್ನೂ, ಇಬ್ಬರನ್ನೂ ಕಂಡೇ ನಿರ್ಧರಿಸುವುದು ಲೇಸು. ಎರಡನೆಯ ಅಭಿಪ್ರಾಯ ಕೇಳಿದರೆ ಯೋಗ್ಯ ವೈದ್ಯರು ಮುನಿಯುವುದಿಲ್ಲ.

ರೋಗಿಗೆ ತಿಳಿಸಬೇಕೆ?

ನಮ್ಮ ಮನೆಗಳಲ್ಲಿ ಕ್ಯಾನ್ಸರ್ ಎಂಬ ಮಾತನ್ನು ಹಿರಿಯರಿಂದ ಮುಚ್ಚಿಡುವುದು ಪ್ರೀತಿಯಿಂದಲೇ. ಆದರೆ ಅದರ ಫಲ ಬೇರೆ. ಕಲ್ಲು ಎಂದು ನಂಬಿದವರು ಮೂರು ತಿಂಗಳ ತಪಾಸಣೆಗೆ ಏಕೆ ಹೋದಾರು? ಬೀಡಿಯನ್ನೇಕೆ ಬಿಟ್ಟಾರು? ಶಸ್ತ್ರಕ್ರಿಯೆಯಿಂದ ಎಚ್ಚರಗೊಂಡು ಹೊಟ್ಟೆಯ ಮೇಲೆ ಚೀಲ ಕಂಡಾಗ ಮಕ್ಕಳ ಮೇಲಿನ ನಂಬಿಕೆಯೇ ಮುರಿದೀತು. ರೋಗಿಗೆ ಎಲ್ಲವನ್ನೂ ಒಂದೇ ದಿನ ಹೇಳಬೇಕಿಲ್ಲ. ಅವರು ಕೇಳಿದಷ್ಟನ್ನು, ತಾಳುವಷ್ಟನ್ನು, ಸುಳ್ಳು ಬೆರೆಸದೆ ಹೇಳಬೇಕು. ತಮಗೆ ಏನೂ ತಿಳಿಸದಿರಿ, ಮಗನೇ ನಿರ್ಧರಿಸಲಿ ಎಂದು ರೋಗಿಯೇ ಹೇಳಿದರೆ ಅದು ಅವರ ಹಕ್ಕು. ಅವರನ್ನು ಕೇಳದೆಯೇ ಹಾಗೆಂದು ಊಹಿಸಿಕೊಳ್ಳುವ ಹಕ್ಕು ನಮಗಿಲ್ಲ.

ಚೀಲದೊಡನೆ ಬಾಳುವೆ

ಚೀಲದ ಬಾಯಿ ಹೊಟ್ಟೆಯ ಮೇಲೆ ಎಲ್ಲಿ ಬರಬೇಕೆಂಬುದನ್ನು ಶಸ್ತ್ರಕ್ರಿಯೆಗೆ ಮುಂಚೆಯೇ, ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ ಗುರುತಿಸಬೇಕು. ಪಂಚೆ ಕಟ್ಟುವ ಜಾಗ, ಸೀರೆಯ ನೆರಿಗೆ ಸಿಕ್ಕಿಸುವ ಜಾಗ, ಬೆಲ್ಟು ಬೀಳುವ ಜಾಗ ಯಾವುದೆಂದು ನಾವೇ ತೋರಿಸಬೇಕು. ಐದು ನಿಮಿಷದ ಈ ಕೆಲಸ ತಪ್ಪಿದರೆ ವರ್ಷಗಟ್ಟಲೆ ಸೋರಿಕೆಯ ಕಷ್ಟ.

ಚೀಲ ಅರ್ಧ ತುಂಬುವ ಮೊದಲೇ ಖಾಲಿ ಮಾಡಬೇಕು. ರಾತ್ರಿ ದೊಡ್ಡ ಚೀಲಕ್ಕೆ ಕೊಳವೆ ಜೋಡಿಸಿ ಮಲಗಿದರೆ ನಿದ್ದೆ ಕೆಡದು. ಸಾಮಾನ್ಯವಾಗಿ ಮೂರರಿಂದ ಐದು ದಿನಕ್ಕೊಮ್ಮೆ, ಬೆಳಿಗ್ಗೆ ನೀರು ಕುಡಿಯುವ ಮೊದಲೇ ಬದಲಾಯಿಸುವುದು ಅನುಕೂಲ. ಮೂತ್ರದಲ್ಲಿ ಲೋಳೆ ಕಂಡರೆ ಗಾಬರಿ ಬೇಡ, ಕರುಳಿನ ತುಂಡು ತನ್ನ ಸ್ವಭಾವದಂತೆ ಲೋಳೆ ಬಿಡುತ್ತದೆ. ಚೀಲದ ಮೂತ್ರ ಪರೀಕ್ಷಿಸಿದರೆ ರೋಗಾಣು ಕಾಣುವುದೂ ಸಾಮಾನ್ಯ. ಜ್ವರ, ನೋವು ಇಲ್ಲದೆ ಅದಕ್ಕೆ ಔಷಧ ಬೇಕಿಲ್ಲ. ಚಳಿಜ್ವರ, ಪಕ್ಕೆನೋವು, ಮೂತ್ರ ಇಳಿಯದಿರುವುದು, ಕೆಂಪಗಿರಬೇಕಾದ ಬಾಯಿ ಕಪ್ಪಾಗುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಬೇಕು. ಶಸ್ತ್ರಕ್ರಿಯೆಯ ನಂತರದ ತಿಂಗಳುಗಳಲ್ಲಿ ಕಾಫಿ ಮೂಟೆ, ಗೊಬ್ಬರದ ಚೀಲ ಎತ್ತಬಾರದು.

ಮಲೆನಾಡಿನ ಮನೆಗೆ ಇನ್ನೊಂದು ಮಾತು. 2019ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದ್ದನ್ನು ನಾವು ಮರೆತಿಲ್ಲ. ಮಂಗಳೂರಿನಿಂದ ಚೀಲ ತರಿಸುವವರು ಮಳೆಗಾಲಕ್ಕೆ ಮುಂಚೆಯೇ ಎರಡು ತಿಂಗಳಿಗಾಗುವಷ್ಟನ್ನು ತೇವ ತಾಗದ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು. ಚಿಕಿತ್ಸೆ ಮಳೆಗಾಲದಲ್ಲಿ ಬಂದರೆ ಘಾಟಿ ಇಳಿಯುವುದೋ, ಹಾಸನದ ಮೇಲೆ ಬೆಂಗಳೂರಿಗೆ ಹೋಗುವುದೋ ಎಂಬುದನ್ನೂ ಮೊದಲೇ ಯೋಚಿಸಬೇಕು.

ಪೂಜೆ ಮತ್ತು ಮೈಲಿಗೆಯ ಶಂಕೆ

ಮೈಮೇಲೆ ಮೂತ್ರದ ಚೀಲವಿಟ್ಟುಕೊಂಡು ಇಷ್ಟಲಿಂಗವನ್ನು ಕೈಯಲ್ಲಿ ಹಿಡಿಯಬಹುದೇ ಎಂದು ಕೇಳಲು ಹಿಂಜರಿದು, ಪೂಜೆಯನ್ನೇ ಬಿಟ್ಟು ಕೊರಗುವವರಿದ್ದಾರೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಲಿಂಗವಂತನಿಗೆ ಇಲ್ಲವೆಂದ ಪರಂಪರೆ ನಮ್ಮದು. ಮೂತ್ರ ಎಲ್ಲರ ದೇಹದಲ್ಲೂ ಇದೆ. ಕೆಲವರಲ್ಲಿ ಅದು ಚರ್ಮದ ಒಳಗಿದೆ, ಕೆಲವರಲ್ಲಿ ಹೊರಗಿದೆ, ಅಷ್ಟೇ ವ್ಯತ್ಯಾಸ. ಚೀಲ ಖಾಲಿ ಮಾಡಿ, ಕೈ ತೊಳೆದು ಕುಳಿತರೆ ಪೂಜೆಗೆ ಅಡ್ಡಿಯೆಂಬುದಿಲ್ಲ. ಎಂ.ಆರ್.ಐ. ಕೋಣೆಗೆ ಲೋಹ ಒಯ್ಯುವಂತಿಲ್ಲವಾದ್ದರಿಂದ ಬೆಳ್ಳಿಯ ಕರಡಿಗೆಯ ವಿಷಯವನ್ನು, ಶಸ್ತ್ರಕ್ರಿಯೆಯ ವೇಳೆ ಲಿಂಗವನ್ನು ಯಾರ ಕೈಯಲ್ಲಿ ಇಡಬೇಕೆಂಬುದನ್ನು, ಹಿಂದಿನ ದಿನವೇ ಗುರುಗಳಲ್ಲಿ ಮತ್ತು ದಾದಿಯರಲ್ಲಿ ಕೇಳಿ ಗೊತ್ತುಮಾಡಿಕೊಂಡರೆ ಕೊನೆಯ ಗಳಿಗೆಯ ಕಳವಳ ತಪ್ಪುತ್ತದೆ.

ಎಲ್ಲಿಗೆ ಹೋಗಬೇಕು, ಖರ್ಚೇನು

ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂಬ ಮಾನ್ಯತೆ ಪಡೆಯಿತು. ಮಲೆನಾಡಿನವರಿಗೆ ಘಾಟಿಯ ಕೆಳಗಿನ ಮಣಿಪಾಲ, ಮಂಗಳೂರು ಹತ್ತಿರ. ಮೈಸೂರಿನಲ್ಲಿ ಸುತ್ತೂರು ಮಠದ ಜೆ.ಎಸ್.ಎಸ್. ಆಸ್ಪತ್ರೆಯಿದೆ. ಮೂತ್ರಕೋಶ ತೆಗೆಯುವಂಥ ಶಸ್ತ್ರಕ್ರಿಯೆಯನ್ನು ಹೆಚ್ಚು ಸಂಖ್ಯೆಯಲ್ಲಿ ಮಾಡುವ ಕಡೆ ಫಲ ಉತ್ತಮವಾಗಿರುವುದರಿಂದ, 'ವರ್ಷಕ್ಕೆ ಇಂಥವನ್ನು ಎಷ್ಟು ಮಾಡುತ್ತೀರಿ?' ಎಂದು ವಿನಯದಿಂದ ಕೇಳಬಹುದು.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಉಳಿದವರಿಗೆ ನಿಗದಿತ ದರದ ಶೇಕಡ 30ರಂತೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ನೆರವು ಎಂದು ಗೊತ್ತುಮಾಡಲಾಯಿತು. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಚಾಲನೆಗೊಂಡ ಯಶಸ್ವಿನಿ, ನಡುವೆ ನಿಂತು, 2022–23ರ ಸಾಲಿನಲ್ಲಿ ಮರುಜಾರಿಯಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಮತ್ತು ಸಹಕಾರ ಸಂಘದಲ್ಲಿ ಮೊದಲೇ ವಿಚಾರಿಸಿ, ಬೇಕಾದ ಶಿಫಾರಸು ಪತ್ರ ಪಡೆದುಕೊಂಡೇ ಹೊರಡಬೇಕು.

ರೋಗ ಬೇರೆಡೆಗೆ ಹರಡಿದ್ದರೆ ಇಂದು ಹೊಸ ಔಷಧಗಳು ಬಂದಿವೆ. 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂಥ ಎರಡು ಔಷಧಗಳ ಜೋಡಿ ಹಳೆಯ ಕೀಮೋಥೆರಪಿಗಿಂತ ಆಯುಸ್ಸನ್ನು ಗಣನೀಯವಾಗಿ ಹೆಚ್ಚಿಸಿತು. ಆದರೆ ಬೆಲೆ ಬಹಳ. ತೋಟ ಮಾರುವ ಮುನ್ನ 'ಇದರಿಂದ ಗುಣವಾಗುವುದೇ, ಕಾಲ ಮುಂದಕ್ಕೆ ಹೋಗುವುದೇ, ಎಷ್ಟು?' ಎಂದು ಕೇಳಬೇಕು. ಚಿಕಿತ್ಸೆ ಸಾಕೆಂದು ರೋಗಿಯೇ ಹೇಳಿದರೆ ಅದು ಸೋಲಲ್ಲ. ನೋವು, ರಕ್ತಸ್ರಾವಗಳನ್ನು ತಗ್ಗಿಸುವ ಉಪಶಮನ ಚಿಕಿತ್ಸೆ ಆಗಲೂ ಇದೆ. ಬೆಂಗಳೂರಿನಲ್ಲಿ 1999ರಿಂದ ನಡೆಯುತ್ತಿರುವ ಕರುಣಾಶ್ರಯ ಇಂಥ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ.

ಕೊನೆಯ ಮಾತು

ಅಮೆರಿಕದ ಉಪಾಧ್ಯಕ್ಷರಾಗಿದ್ದ ಹ್ಯೂಬರ್ಟ್ ಹಂಫ್ರಿಯವರಿಗೆ 1967ರಲ್ಲೇ ಮೂತ್ರದಲ್ಲಿ ರಕ್ತ ಕಂಡಿತ್ತು. ಮೂತ್ರಕೋಶ ತೆಗೆದದ್ದು 1976ರಲ್ಲಿ, ಅವರು ತೀರಿಕೊಂಡದ್ದು 1978ರ ಜನವರಿಯಲ್ಲಿ. ಜಗತ್ತಿನ ದೊಡ್ಡ ವೈದ್ಯರು ಬಳಿಯಲ್ಲಿದ್ದರೂ ಆ ಕಾಲದ ಪರೀಕ್ಷೆಗಳು ರೋಗದ ಉಗ್ರತೆಯನ್ನು ಬೇಗ ಹೇಳಲಾರದಾದವು. ಇಂದು ನಮ್ಮ ಜಿಲ್ಲೆಯ ಸಾಮಾನ್ಯ ಬೆಳೆಗಾರನಿಗೂ, ಲೈನಿನಲ್ಲಿರುವ ಕೂಲಿಯವರಿಗೂ ಅದಕ್ಕಿಂತ ಉತ್ತಮ ಪರೀಕ್ಷೆ ಒಂದು ದಿನದ ಪ್ರಯಾಣದಲ್ಲಿ ದೊರೆಯುತ್ತದೆ. ದೊರೆಯದಿರುವುದು ನಮ್ಮ ಸಂಕೋಚದಿಂದ, ನಮ್ಮ ಮುಂದೂಡಿಕೆಯಿಂದ.

ಆದುದರಿಂದ ವಾಚಕ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಮೂತ್ರದಲ್ಲಿ ಒಂದೇ ಒಂದು ಸಲ, ನೋವಿಲ್ಲದೆ ರಕ್ತ ಕಂಡರೂ ಮನೆಯವರಿಗೆ ಹೇಳಿರಿ, ಆ ವಾರವೇ ವೈದ್ಯರಲ್ಲಿಗೆ ಹೋಗಿರಿ. ನಮ್ಮ ತೋಟದಲ್ಲಿ ದುಡಿಯುವ ಆಳುಗಳಿಗೂ ಇದನ್ನು ತಿಳಿಸಿರಿ, ಅವರನ್ನು ಕರೆದೊಯ್ಯುವ ಹೊಣೆಯೂ ನಮ್ಮದೇ. ರೋಗವೆಂದು ತಿಳಿದ ಮೇಲೆ ಜಗಲಿಯ ಸಮಾಲೋಚನೆಯಲ್ಲಿ ರೋಗಿಗೂ ಒಂದು ಮಣೆ ಹಾಕಿರಿ. ಕೊಟ್ಟಿಗೆಯ ಹಸುವಿಗೆ ಮಾಡುವಷ್ಟು ಅವಸರವನ್ನು ಮನೆಯ ಹಿರಿಯರ ವಿಷಯದಲ್ಲೂ ಮಾಡಿದರೆ ಎಷ್ಟೋ ಜೀವಗಳು ಉಳಿದಾವು.